ತೆರೇಸಮ್ಮನ ಹಿಡಿ ಮಣ್ಣು

ಆಗ ನನಗೆ ಅರವತ್ತೇಳು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ರೈಲು ಜಂಕ್ಷನ್ನಿನ ಊರು ವಾಡಿಯಲ್ಲಿ ನಮ್ಮ ಓಣಿಯ ತೆರೇಸಮ್ಮನ ಗಂಡ ಅಂತೋಣಿ ಸತ್ತ. ಎಲ್ಲರೂ ಅತ್ತರು. ನನಗೆ ಹೊಟ್ಟೆಕಿಚ್ಚಾಯಿತು. ಸತ್ತವರ ಮನೆಯಲ್ಲಿ ಹೊಟ್ಟೆಕಿಚ್ಚು ಪಡುವ ಹೆಂಗಸು ಎಂಥವಳು ಎಂದು ಕೇಳುವವರು ಕೇಳಲಿ. ಆದದ್ದನ್ನು ಹೇಳುತ್ತೇನೆ.

ನಾನು ಮೀನು ಮಾರುವವಳು. ನಮ್ಮ ಮಂದಿ ಶಹಾಬಾದ ಕಡೆ ಕಾಗಿಣಾ ಹೊಳೆದಂಡೆಯವರು. ಅಂತೋಣಿ ರೈಲ್ವೆಯಲ್ಲಿ ಹಳಿ ನೋಡುವ ಕೆಲಸ ಮಾಡಿ ರಿಟೈರಾದವನು. ಶುಕ್ರವಾರ ಅವರ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಮೀನು ಬೇಕು. ಅವನೇ ಬಾಗಿಲಿಗೆ ಬಂದು ಮೀನಿನ ಕಿವಿರು ಎತ್ತಿ ನೋಡುತ್ತಿದ್ದ.

"ಸಾಬವ್ವಾ, ಈ ಮೀನ ನಿನಗಿಂತ ಹಳೇದು ಕಾಣಾಕತ್ತದಲ್ಲ!"

"ನಿನ್ನ ಕಣ್ಣ ಹಳೇವು ಆಗ್ಯಾವ. ತಗೋತಿ ತಗೋ, ಇಲ್ಲಾಂದ್ರ ಬುಟ್ಟಿ ಮುಚ್ಚತೀನಿ," ಎನ್ನುತ್ತಿದ್ದೆ. ಒಳಗಿನಿಂದ ತೆರೇಸಮ್ಮ "ಏ ಅಂತೋಣೀ, ಸುಮ್ ತಗೊಂಡ್ ಬಾ" ಎಂದು ಕೂಗುತ್ತಿದ್ದಳು. ಗಂಡನನ್ನು ಹೆಸರು ಹಿಡಿದು ಕೂಗುವ ಹೆಂಗಸನ್ನು ನಾನು ಮೊದಲು ನೋಡಿದ್ದು ಅವಳನ್ನೇ. ನಮ್ಮಲ್ಲಿ ಆ ರೂಢಿ ಇಲ್ಲ. ಗಂಡನ ಹೆಸರು ಬಾಯಿಂದ ಬರಬಾರದು. ಮದುವೆಯ ದಿನ ಹೊಸ್ತಿಲ ಮೇಲೆ ನಿಲ್ಲಿಸಿ ಹೆಸರು ಕೇಳಿದಾಗ ಪ್ರಾಸದ ಎರಡು ಮಾತಿನ ಒಂದು ಒಡಪು ಕಟ್ಟಿ ಅದರೊಳಗೆ ಹೇಳಬೇಕು, ಅಷ್ಟೇ. ಆಮೇಲೆ ಜೀವ ಇರುವವರೆಗೂ ಹೇಳುವಂತಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ನಾನು ತೆರೇಸಮ್ಮನ ಮುಖ ನೋಡುತ್ತಿದ್ದೆ. ಅವಳು "ಭೀಮಪ್ಪ" ಎಂದು ಹೇಳಿ ನನ್ನ ಸೊಂಟಕ್ಕೆ ತಿವಿದು ನಗುತ್ತಿದ್ದಳು.

ನನ್ನ ಗಂಡ ಹೋದದ್ದು ಅದಕ್ಕೂ ಮೂರು ವರ್ಷ ಮೊದಲು. ಇಲ್ಲೇ ವಾಡಿಯಲ್ಲಿ, ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವನು ಏಳಲಿಲ್ಲ. ಮಣ್ಣು ನಮ್ಮ ಊರ ಹೊಳೆದಂಡೆಯಲ್ಲೇ ಆಗಬೇಕೆಂದು ಟೆಂಪೋ ತಂದರು. ನಾನು ಹತ್ತಲು ಹೋದೆ. ಮೈದುನ ಶರಣಪ್ಪ ಅಡ್ಡ ಬಂದ.

"ವೈನಿ, ಹೆಣ್ಮಕ್ಳು ಬರಂಗಿಲ್ಲ. ನೀ ಒಳಗ ನಡಿ."

ಒಳಗೆ ನಡೆದೆ. ಅಲ್ಲಿ ಹೆಂಗಸರು ಕಾಯುತ್ತಿದ್ದರು. ಬಳೆ ಒಡೆದರು, ಕುಂಕುಮ ಒರೆಸಿದರು. ಹೊರಗೆ ಟೆಂಪೋ ಹೋದ ಸಪ್ಪಳ ಕೇಳಿತು. ಅವನನ್ನು ಎಲ್ಲಿ ಇಟ್ಟರು, ಯಾವ ಕಡೆ ತಲೆ ಮಾಡಿದರು, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮಣ್ಣು ನೋಡದ ಕಾರಣಕ್ಕೋ ಏನೋ, ಮೂರು ವರ್ಷ ಅವನು ಊರಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದೇ ಮನಸ್ಸು ನಂಬಿಕೊಂಡಿತ್ತು. ಅನ್ನಕ್ಕಿಡುವಾಗ ಕೈ ಇಬ್ಬರಿಗಾಗುವಷ್ಟೇ ಅಕ್ಕಿ ಹಾಕುತ್ತಿತ್ತು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಓಣಿಯವರು ಕಲ್ಲೆದೆಯವಳು ಎಂದರು.

ಅಂತೋಣಿ ಸತ್ತ ದಿನ ಹೋಗಿ ನೋಡಿದರೆ ತೆರೇಸಮ್ಮ ಗಂಡನ ತಲೆ ಬಾಚುತ್ತಿದ್ದಳು. ಬೈತಲೆ ಸರಿಯಾಗಲಿಲ್ಲ ಎಂದು ಮತ್ತೆ ಬಾಚಿದಳು. ಕೋಟು ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿ ಕೈಗೆ ಜಪಸರ ಸುತ್ತಿದ್ದರು. ಸುತ್ತಲೂ ಮೇಣದಬತ್ತಿ. ಅವರ ಮಂದಿ ಕುಳಿತು ಒಂದೇ ಸಮನೆ ಪ್ರಾರ್ಥನೆ ಹೇಳುತ್ತಿದ್ದರು. ಒಬ್ಬರು ಅರ್ಧ ಹೇಳಿದರೆ ಉಳಿದವರು ಅರ್ಧ ಹೇಳುವರು. ಅದನ್ನು ಕೇಳುತ್ತಿದ್ದರೆ ಗದ್ದಲವೂ ಅಲ್ಲ, ಸುಮ್ಮನಿರುವುದೂ ಅಲ್ಲ, ಹೊಳೆ ಹರಿದಂತೆ. ನನ್ನ ಮನೆಯಲ್ಲಿ ಅವತ್ತು ಆದದ್ದು ಬರೀ ಗದ್ದಲ.

ಚರ್ಚಿಗೆ ಒಯ್ದಾಗ ಗಂಟೆ ಬಡಿಯಿತು. ಮಂಗಳೂರು ಕಡೆಯ ಫಾದರ್ ಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿ, ಧೂಪ ಹಾಕಿ, ಅಂತೋಣಿಯ ಹೆಸರು ತೆಗೆದುಕೊಂಡು ದೇವರ ಹತ್ತಿರ ಮಾತಾಡಿದರು. ಹಳಿಗೆ ಸುತ್ತಿಗೆ ಬಡಿದವನ ಹೆಸರನ್ನು ಅಷ್ಟು ಮರ್ಯಾದೆಯಿಂದ ಕರೆದದ್ದು ಕೇಳಿ ನಾನು ಮುಖ ಆಚೆ ತಿರುಗಿಸಿದೆ.

ಅಲ್ಲಿಂದ ಸಮಾಧಿ ಜಾಗಕ್ಕೆ. ಹೆಂಗಸರೂ ಹೊರಟರು, ತೆರೇಸಮ್ಮ ಎಲ್ಲರಿಗಿಂತ ಮುಂದೆ. ನಾನು ಗೇಟಿನ ತನಕ ಹೋಗಿ ನಿಂತೆ, ಕಾಲು ಒಳಗೆ ಬರಲಿಲ್ಲ. ಗಿಡ್ಡ ಕಲ್ಲುಗೋಡೆ, ಎಲ್ಲಾ ಕಾಣುತ್ತಿತ್ತು. ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದರು. ತೆರೇಸಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಳು, ಆಮೇಲೆ ಬಿಟ್ಟಳು. ಮಣ್ಣು ಪೆಟ್ಟಿಗೆಗೆ ಬಡಿದ ಸಪ್ಪಳ ಗೋಡೆಯ ಆಚೆ ನನಗೂ ಕೇಳಿತು. ಅವಳ ಕೈಯಲ್ಲಿ ಬಳೆ ಹಾಗೆಯೇ ಇದ್ದವು.

ಅವಳಿಗೆ ಆ ಹಿಡಿ ಮಣ್ಣು ಸಿಕ್ಕಿತು, ನನಗೆ ಸಿಗಲಿಲ್ಲ. ಹೊಟ್ಟೆಕಿಚ್ಚು ಅದಕ್ಕೆ.

ಎರಡು ದಿನ ಬಿಟ್ಟು ಚಹಾಕ್ಕೆ ಹೋದೆ. ತೆರೇಸಮ್ಮ ಸಮಾಧಾನವಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅದನ್ನು ಕಂಡು ಇನ್ನೂ ಉರಿಯಿತು.

"ಗಂಡ ಹೋಗಿ ನಾಕ ದಿನ ಆಗಿಲ್ಲ, ಊಟ ಹೋಗ್ತದಲ್ಲ ನಿನಗ?" ಎಂದೆ.

"ಹೋಗ್ತದಕ್ಕಾ. ಅವ ದೇವರ ಹಂತ್ಯಾಕ ಹೋಗ್ಯಾನ."

"ಯಾರ್ ಹೇಳ್ಯಾರ? ಮ್ಯಾಲಿಂದ ಫೋನ್ ಬಂದಿತ್ತೇನು?"

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ವಾಡಿ ಜಂಕ್ಷನ್ನಾಗ ಇದ್ದು ಇಷ್ಟ ತಿಳಿಯಂಗಿಲ್ಲೇನು ನಿನಗ? ಅವ ಮೊದಲಿನ ಗಾಡಿಗಿ ಹೋದ. ನಾ ಹಿಂದಿನ ಗಾಡಿಗಿ ಹೋಗ್ತೀನಿ. ಎರಡೂ ಒಂದೇ ಊರಿಗಿ ಹೋಗಾವು."

"ನಿನಗರೆ ಪ್ಲಾಟ್‌ಫಾರ್ಮ್ ತನಕ ಬಿಟ್ರು," ಎಂದುಬಿಟ್ಟೆ. "ನನಗ ಬಾಗಿಲನಾಗೇ ಹಿಡ್ಕೊಂಡ್ರು."

ತೆರೇಸಮ್ಮ ಬೆಳ್ಳುಳ್ಳಿ ಬಿಟ್ಟು ನನ್ನನ್ನು ನೋಡಿದಳು. ಆಮೇಲೆ "ಏಳನೇ ದಿನಕ್ಕ ಬಾ. ಗೇಟಿನಾಗ ನಿಂದ್ರಬ್ಯಾಡ, ಒಳಗ ಬಾ" ಎಂದಳು. ಗೇಟಿನಲ್ಲಿ ನಿಂತದ್ದನ್ನು ಅವಳು ನೋಡಿದ್ದಳು ಎಂದು ಆಗ ಗೊತ್ತಾಯಿತು. ಗಂಡನನ್ನು ಮಣ್ಣಿಗಿಡುವಾಗಲೂ ಅವಳ ಕಣ್ಣು ನನ್ನ ಮೇಲಿತ್ತು.

ಏಳನೇ ದಿನ ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಸಮಾಧಿಗೆ ಹೋದರು. ತೆರೇಸಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಮಣ್ಣಿನ ದಿಬ್ಬದ ಮೇಲೆ ಹೂವು, ಮೇಣದಬತ್ತಿ. ಪ್ರಾರ್ಥನೆಯಾದ ಮೇಲೆ ಫಾದರ್ ಹೇಳಿದರು: "ನಿಮ್ಮ ಮನೆಗಳಲ್ಲಿ ತೀರಿಹೋದವರ ಹೆಸರುಗಳನ್ನೂ ಹೇಳಿ. ಎಲ್ಲರಿಗಾಗಿ ಪ್ರಾರ್ಥಿಸೋಣ."

ಒಬ್ಬೊಬ್ಬರೇ ಹೇಳತೊಡಗಿದರು. ಒಬ್ಬಳು ಅವ್ವನ ಹೆಸರು, ಒಬ್ಬ ತಮ್ಮನ ಹೆಸರು. ಪ್ರತಿ ಹೆಸರಿಗೂ ಎಲ್ಲರೂ ಸೇರಿ "ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿ ಕೊಡು" ಎನ್ನುವರು. ಹೆಸರುಗಳು ಮೇಲೆ ಹೋಗುತ್ತಿದ್ದವು, ನನ್ನವನದು ಮಾತ್ರ ನನ್ನ ಹತ್ತಿರವೇ ಉಳಿದಿತ್ತು. ರೇಷನ್ ಅಂಗಡಿಯಲ್ಲಿ ನೋಡುವಂತೆ ತೆರೇಸಮ್ಮನ ಮುಖ ನೋಡಿದೆ.

ಅವಳು ತಲೆ ಅಲ್ಲಾಡಿಸಿದಳು. "ಇವತ್ತ ನಾ ಹೇಳಂಗಿಲ್ಲ. ನಿನ್ನ ಗಂಡ, ನೀನೇ ಹೇಳು."

"ಏ, ಹೇಳಬಾರದಲ್ಲ ನಾ!"

"ಹಂಗಾರ ಅವ ಹೆಸರಿಲ್ದೇ ಹಂಗೇ ಇರ್ಲಿ ಬಿಡು."

ಕೆನ್ನೆಗೆ ಬಾರಿಸಬೇಕೆನಿಸಿತು. ಎಲ್ಲರೂ ನನ್ನ ಕಡೆ ತಿರುಗಿದ್ದರು. ಫಾದರ್ ಕಾಯುತ್ತಿದ್ದರು. ಬಾಯಿ ತೆರೆದರೆ ಬಂದದ್ದು ಮದುವೆಯ ದಿನದ ಒಡಪು:

"ಕಾಗಿಣಾ ಹೊಳಿಯಾಗ ತೇಲ್ತದ ತೆಪ್ಪ, ದಂಡಿಗಿ ಹಚ್ಚಾಂವ ನಮ್ಮ ಭೀಮಪ್ಪ."

ಹಿಂದೆ ಯಾರೋ ಹುಡುಗಿ ಕಿಸಕ್ಕನೆ ನಕ್ಕಳು. ಫಾದರ್‌ಗೆ ಅದೇನು ಹಾಡೋ ತಿಳಿಯಲಿಲ್ಲ. "ಅಜ್ಜೀ, ಹೆಸರು?" ಎಂದರು. ತೆರೇಸಮ್ಮ ಬಾಯಿ ಬಿಡಲಿಲ್ಲ. ಆದರೆ ಎದುರಿಗಿದ್ದ ಒಬ್ಬಳು ಮುದುಕಿ, ಸೇಡಂ ಕಡೆಯಿಂದ ಬಂದ ಅವರ ಬೀಗತಿ, "ಭೀಮಪ್ಪ ಅಂತ್ರೀ ಫಾದರ್, ಗಂಡನ ಹೆಸರು ಹೇಳ್ಯಾಳ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳಿಗೂ ತನ್ನ ಒಡಪು ನೆನಪಾಗಿರಬೇಕು.

"ಪ್ರಭುವೇ, ಭೀಮಪ್ಪನವರಿಗೆ ನಿತ್ಯ ವಿಶ್ರಾಂತಿ ಕೊಡು," ಎಂದರು ಫಾದರ್. ಅಷ್ಟೂ ಮಂದಿ ಅದನ್ನೇ ಹೇಳಿದರು. ನನ್ನವನ ಹೆಸರು, ಅಷ್ಟು ಮಂದಿಯ ಬಾಯಲ್ಲಿ! ನಾನು ತೆರೇಸಮ್ಮನ ಗಂಡನ ಸಮಾಧಿಯ ಮೇಲೆ ಕುಸಿದು ಕುಳಿತು, ಮೂರು ವರ್ಷದ್ದು ಒಟ್ಟಿಗೆ ಅತ್ತೆ. ಅವಳು ನನ್ನ ಮೂಗು ತನ್ನ ಸೆರಗಿನಿಂದ ಒರೆಸಿ "ಸಾಕೇಳು, ನನ್ನ ಗಂಡನ ಹೂವೆಲ್ಲ ತುಳ್ದಿ" ಎಂದಳು.

ನಾನು ಅವರ ಮತಕ್ಕೆ ಸೇರಲಿಲ್ಲ. ಅವಳು ಸೇರೆಂದು ಹೇಳಲೂ ಇಲ್ಲ. ಗಾಡಿಯ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅವಳಷ್ಟು ಗಟ್ಟಿ ನಂಬಿಕೆ ನನಗಿಲ್ಲ, ಅದಕ್ಕೂ ಹೊಟ್ಟೆಕಿಚ್ಚಿದೆ. ಆದರೆ ಅಂದು ರಾತ್ರಿ ಒಬ್ಬಳಿಗಾಗುವಷ್ಟೇ ಅಕ್ಕಿ ಹಾಕಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದೆ. ಶರಣಪ್ಪ ಇನ್ನೂ ಹಲ್ಲುಜ್ಜುತ್ತಿದ್ದ. "ಎಲ್ಲಿಟ್ಟೀರಿ ನಿಮ್ಮಣ್ಣಗ, ತೋರ್ಸು" ಎಂದೆ. "ಹೆಣ್ಮಕ್ಳು..." ಎಂದು ಏನೋ ಶುರು ಮಾಡಿದ. ನನ್ನ ಮುಖ ನೋಡಿ ಬಾಯಿ ತೊಳೆದುಕೊಂಡು ಮುಂದೆ ನಡೆದ. ಹೊಳೆದಂಡೆಯ ಜಾಲಿಮರದ ಕೆಳಗೆ ಒಂದು ದಿಬ್ಬ, ಮೇಲೆ ಹುಲ್ಲು. ಅಂತೋಣಿಗೆ ಬಿಸಿಲು, ನನ್ನವನಿಗೆ ನೆರಳು. ಅಷ್ಟರ ಮಟ್ಟಿಗೆ ನಾನೇ ಮೇಲು ಎಂದುಕೊಂಡೆ. ಶರಣಪ್ಪನನ್ನು ಆಚೆ ಹೋಗೆಂದು ಕಳಿಸಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಟ್ಟೆ. "ಭೀಮಪ್ಪಾ" ಎಂದು ಕೂಗಿದೆ, ಒಡಪಿಲ್ಲದೆ. ಯಾರೂ ಓ ಎನ್ನಲಿಲ್ಲ. ದಂಡೆಗೆ ಇಳಿದು ಕೈ ತೊಳೆದು, ತೆಪ್ಪದವರ ಹತ್ತಿರ ಮೀನು ತುಂಬಿಸಿಕೊಂಡು ವಾಡಿಗೆ ಬಂದೆ. ಅವತ್ತು ಶುಕ್ರವಾರ. ಮೊದಲು ತೆರೇಸಮ್ಮನ ಬಾಗಿಲಿಗೇ ಹೋಗಿ ಬುಟ್ಟಿ ಇಳಿಸಿದೆ.