ಗುಣವಾಗದವರ ಹೆಸರು

ಮೂಡಲಗಿಯ ನಮ್ಮ ಮನೆಯಲ್ಲಿ ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧ ಕೊಡುವ ರೂಢಿ ಅವ್ವನಿಂದ ನನಗೆ ಬಂತು. ನೆಲನೆಲ್ಲಿಯನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಕಲಸಿ, ಮೂರು ದಿನ ಬರಿಹೊಟ್ಟೆಗೆ ಕುಡಿಸುತ್ತಿದ್ದೆ. ರೊಕ್ಕ ಮುಟ್ಟುತ್ತಿರಲಿಲ್ಲ. ಗುಣವಾದವರು ಬಂದು ಒಂದು ತೆಂಗಿನಕಾಯಿ ಇಟ್ಟು ಕೈಮುಗಿದು ಹೋಗುತ್ತಿದ್ದರು.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ತಂಗಿ ಆಯುರ್ವೇದ ಕಾಲೇಜು ಸೇರಿ, ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಔಷಧದ ಮೇಲೆಯೇ ಸಂಶೋಧನೆಗೆ ಕುಳಿತಳು. ನನಗೊಂದು ನೋಟ್‌ಬುಕ್ ಕೊಟ್ಟು, “ಬಂದ ದಿನಾನ ಹೆಸರು, ಊರು ಬರಿ ಅಕ್ಕಾ. ಒಬ್ಬರನ್ನೂ ಬಿಡಬ್ಯಾಡ,” ಎಂದಿದ್ದಳು.

ನಾನು ಹಾಗೆ ಬರೆಯಲಿಲ್ಲ. ಕಾಯಿ ತಂದವರ ಹೆಸರನ್ನಷ್ಟೇ ಬರೆದೆ. ಔಷಧ ಕುಡಿದ ದಿನವನ್ನು ಅವರನ್ನೇ ಕೇಳಿ ಹೆಸರಿನ ಮುಂದೆ ಬರೆದೆ. ಮರಳಿ ಬಾರದವರನ್ನು ಬರೆದರೆ ಅವ್ವನ ಔಷಧಕ್ಕೆ ಕೆಟ್ಟ ಹೆಸರು, ತಂಗಿಯ ಓದಿಗೂ ಅಡ್ಡಿ ಎಂದುಕೊಂಡೆ.

ಎರಡು ವರ್ಷದ ಬಳಿಕ ತಂಗಿ ಗೋಕಾಕದ ಬಸ್ಸಿನಿಂದ ಇಳಿದು ಸಿಟ್ಟಿನಲ್ಲೇ ಮನೆಗೆ ಬಂದಳು. ಅವಳ ಗುರುಗಳು ನೋಟ್‌ಬುಕ್ ನೋಡಿ, ಎಲ್ಲರಿಗೂ ಗುಣವಾಗುವ ಔಷಧ ಯಾವ ಊರಲ್ಲೂ ಇಲ್ಲ ಎಂದು ನಕ್ಕರಂತೆ.

“ನಮ್ಮಕ್ಕ ಸುಳ್ಳ ಬರಿಯಾಕಿ ಅಲ್ರಿ ಅಂತ ಜಗಳಾ ತಗದ ಬಂದೀನಿ,” ಎಂದಳು.

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ನಾನು ತಿರುವಿ ಹಾಕಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಹಂಚನ್ನು ಒಲೆಯಿಂದ ಕೆಳಗಿಳಿಸಿದಳು. ಆಮೇಲೆ ಕೇಳಿದಳು: “ಬಾರದವರು ಯಾರ್ಯಾರು, ನೆನಪೈತೇನ?”

“ಮುಖಾ ನೆನಪದಾವ. ಊರೂ ನೆನಪದಾವ.”

“ಹಂಗಾದ್ರ ಚಪ್ಪಲಿ ಮೆಟ್ಕೊ. ನಡಿ.”

ಆ ಬೇಸಿಗೆಯಲ್ಲಿ ಊರೂರು ತಿರುಗಿದೆವು. ಹುಕ್ಕೇರಿಯಲ್ಲಿ ಒಬ್ಬ ಮುದುಕಿ ನನ್ನನ್ನು ಕಂಡವಳೇ ಸೆರಗು ಎಳೆದುಕೊಂಡಳು. “ಕಾಯಿ ವಸೂಲಿಗೆ ಬಂದ್ರೇನ ಯವ್ವಾ? ನಾ ಆರಾಮ ಆಗೇನಿ. ಮೊಣಕಾಲಿಗೆ ಬಸ್ಸ ಹತ್ತಾಕ ಆಗವಲ್ದು!” ತಂಗಿ ನಗುತ್ತ ಬರೆದುಕೊಂಡಳು.

ಅದೇ ಊರಿನ ಒಬ್ಬ ಕುರಿಗಾರನಿಗೆ ಗುಣವಾಗಿರಲಿಲ್ಲ. ಪಿತ್ತನಾಳದಲ್ಲಿ ಹರಳು ಸಿಕ್ಕಿಕೊಂಡು ಕಾಮಣಿಯಾಗಿತ್ತು. ಕೊನೆಗೆ ಘಟಪ್ರಭಾದ ಆಸ್ಪತ್ರೆಯಲ್ಲಿ ತೆಗೆಸಿಕೊಂಡು ಬಂದಿದ್ದ.

“ನಿಮ್ಮ ಔಷಧಾ ನಂಬಿ ಹದಿನೈದ ದಿನಾ ಹೊಟ್ಟಿ ಹಿಡಕೊಂಡ ಕುಂತಿದ್ನಿರಿ. ಡಾಕ್ಟರ ಬೈದದ್ದು ನೀವ ಕೇಳಬೇಕಾಗಿತ್ತು,” ಎಂದ.

ನಾನು ತಲೆ ತಗ್ಗಿಸಿದೆ. ತಂಗಿ ಅವನ ಆಸ್ಪತ್ರೆಯ ಕಾಗದಗಳನ್ನೆಲ್ಲ ತರಿಸಿ ಓದಿದಳು. ಅಂಥವರು ಇನ್ನೂ ಕೆಲವರು ಸಿಕ್ಕರು. ಮೊದಲೇ ಬರೆದಿಟ್ಟಿದ್ದರೆ, ಯಾರನ್ನು ಆಸ್ಪತ್ರೆಗೆ ಕಳಿಸಬೇಕೆಂಬುದು ಎರಡು ವರ್ಷ ಮುಂಚೆಯೇ ತಿಳಿಯುತ್ತಿತ್ತು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ತಂಗಿ ಇನ್ನೊಂದು ವರ್ಷ ಕಷ್ಟಪಟ್ಟಳು. ಗುಣವಾದವರು, ಆಗದವರು ಎಲ್ಲರನ್ನೂ ಬರೆದಳು. ಔಷಧವಿಲ್ಲದೆ ತಾನಾಗಿಯೇ ಇಳಿಯುವ ಕಾಮಣಿಯೂ ಇದೆ ಎಂಬುದನ್ನು ಮುಚ್ಚಿಡಲಿಲ್ಲ. ಗುರುಗಳು ಈ ಸಲ ನಗಲಿಲ್ಲ. ಈ ಔಷಧವನ್ನು ಮುಂದೆ ದೊಡ್ಡದಾಗಿ ಪರೀಕ್ಷಿಸಿ ನೋಡಲು ಯೋಗ್ಯ ಎಂದರು.

ಈಗ ಯಾರೇ ಬರಲಿ, ಮೊದಲು ರಕ್ತ ತಪಾಸಣೆ ಮಾಡಿಸಿ ಬನ್ನಿ ಎನ್ನುತ್ತೇನೆ. “ನಿಮ್ಮವ್ವ ಬರೇ ಕಣ್ಣ ನೋಡಿ ಕೊಡ್ತಿದ್ರಲ್ರಿ,” ಎಂದು ಗೊಣಗುತ್ತಾರೆ. ಗೊಣಗಲಿ. ಹೊಟ್ಟೆನೋವು ಎಂದವರನ್ನು ಮಾತ್ರ ಅಂಗಳದಿಂದಲೇ ಕರೆದೊಯ್ದು ಘಟಪ್ರಭಾದ ಬಸ್ಸು ಹತ್ತಿಸುತ್ತೇನೆ.