ಹನ್ನೆರಡು ಸೆಕೆಂಡಿನ ವಿಡಿಯೋ

ಸನತ್‌ನಗರದ ಪಂಪು ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುವ ವೈಭವನಿಗೆ ಇಪ್ಪತ್ತೈದು ವರ್ಷ. ಅಪ್ಪ ಅಮರೇಶಪ್ಪ ಲಿಂಗಸುಗೂರು ಕಡೆಯಿಂದ ಬಂದು ಅದೇ ಕಾರ್ಖಾನೆಯ ಗೇಟು ಕಾದವರು. ಹೋದ ಚಳಿಗಾಲದಲ್ಲಿ ಒಂದು ಆರೋಗ್ಯ ಸಂಸ್ಥೆಯೂ ಅಲ್ಲಿನ ಕೇಬಲ್ ಚಾನೆಲ್ಲೂ ಕೂಡಿ, ಎಚ್‌ಐವಿ ತಡೆಯ ಬಗ್ಗೆ ಯುವಕರಿಗಾಗಿ ಕಿರುಚಿತ್ರ ಮಾಡಿದವು. ನಟರು ಬೇಡ, ದುಡಿಯುವವರೇ ಬೇಕು ಎಂದರು. ವೈಭವ ಒಪ್ಪಿದ. ಟಿವಿಯಲ್ಲಿ ಕಾಣುವ ಆಸೆಯೂ ಇತ್ತು, ಸುಳ್ಳಲ್ಲ.

ಚಿತ್ರದಲ್ಲಿ ಅವನು ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಸಲಹೆ ಹೇಳುವ ಸ್ನೇಹಲತಾ ಅವರ ಮುಂದೆ ತಲೆ ತಗ್ಗಿಸಿ ಕೂರುತ್ತಾನೆ. ಕೊನೆಗೆ ತಲೆಯೆತ್ತಿ, ಕಾಂಡೋಮ್ ಬಳಸಿ, ಪರೀಕ್ಷೆ ಮಾಡಿಸಿಕೊಳ್ಳಿ, ಇದರಲ್ಲಿ ನಾಚಿಕೆ ಇಲ್ಲ ಎನ್ನುತ್ತಾನೆ. ಹೇಗೂ ಬಂದಿದ್ದೇನೆ ಎಂದು ಚಿತ್ರೀಕರಣದ ದಿನ ನಿಜವಾಗಿಯೂ ಪರೀಕ್ಷೆಗೆ ರಕ್ತ ಕೊಟ್ಟಿದ್ದ. ಸೋಂಕಿರಲಿಲ್ಲ.

ಚಿತ್ರ ಟಿವಿಯಲ್ಲಿ ಬಂದ ಮೂರನೆಯ ದಿನ ಯಾರೋ ಅವನು ತಲೆ ತಗ್ಗಿಸಿ ಕೂತ ಹನ್ನೆರಡು ಸೆಕೆಂಡನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. ಕ್ಯಾಂಟೀನಿನಲ್ಲಿ ಅವನ ಲೋಟ ಬೇರೆಯಾಯಿತು. ಲೋಟದಿಂದ ಹರಡುವುದಿಲ್ಲ ಎಂದು ಅವನು ಹೇಳಿದ. ಎಲ್ಲರೂ ಹೌದೆಂದು ತಲೆಯಾಡಿಸಿ, ಮತ್ತೆ ಅದೇ ಲೋಟ ಕೊಟ್ಟರು. ಊಟ ಸೇರಲಿಲ್ಲ. ಕೆಲಸದ ನಡುವೆ ಕೈ ಪದೇ ಪದೇ ಫೋನಿಗೆ ಹೋಗುತ್ತಿತ್ತು. ಎರಡು ಸಲ ಅಳತೆ ತಪ್ಪಿ ಮಾಲು ಕೆಟ್ಟಿತು.

ಭಾನುವಾರ ಕಾಶಿನಾಥರು ಬಂದರು. ವೈಭವನಿಗೆ ಗೊತ್ತುಮಾಡಿದ್ದ ಹುಡುಗಿ ಪಿಂಕಿಯ ಸೋದರಮಾವ.

"ವಿಡಿಯೋ ನೋಡೀವ್ರಿ. ರಿಪೋರ್ಟ್ ಇದ್ರ ತೋರಸ್ರಿ, ಮಾತು ಮುಗೀತೈತಿ."

ಅಮರೇಶಪ್ಪ ಆಗಲೇ ಬೀರುವಿನತ್ತ ಎದ್ದಿದ್ದರು. "ಐತ್ರಿ. ಏನೂ ಇಲ್ಲಂತ ಬರದಾರ."

"ಅಪ್ಪಾ, ಕುಂದರ್ರಿ," ಎಂದ ವೈಭವ. ಅಪ್ಪನನ್ನು ಹಾಗೆ ತಡೆದದ್ದು ಅದೇ ಮೊದಲು. "ಮಾಮಾರ, ನಂದು ತೋರಸ್ತೀನ್ರಿ. ಪಿಂಕೀದೂ ಮಾಡಸ್ರಿ. ಲಗ್ನಕ್ಕಿಂತ ಮೊದ್ಲ ಇಬ್ರದೂ ಆಗ್ಲಿ. ನಾನೊಬ್ಬನ ಕಾಗದ ಹಿಡ್ಕೊಂಡು ತಿರುಗಿದ್ರ, ಟಿವಿಯಾಗ ನಾಚಿಕಿ ಇಲ್ಲಂತ ಹೇಳಿದ್ದು ಸುಳ್ಳಾಗತೈತಿ."

"ನಮ್ಮ ಹುಡುಗೀದು? ಏನ್ ಮಾತಾಡಾಕತ್ತೀ ತಮ್ಮಾ?"

ಕಾಶಿನಾಥರು ಚಹಾ ಮುಟ್ಟದೆ ಹೋದರು. ಅಮರೇಶಪ್ಪ ಮಗನ ಜೊತೆ ಮಾತು ಬಿಟ್ಟರು. ಆ ಕಾಗದ ತೋರಿಸಿಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ವೈಭವ ತನ್ನನ್ನೇ ಬೈದುಕೊಂಡ. ಸಂಜೆ ಮನೆಗೆ ಹೋಗಲಾಗದೆ, ಸಿಕ್ಕ ಬಸ್ಸು ಹತ್ತಿ ನಗರದ ಇನ್ನೊಂದು ಕಡೆಯ ಮೆಹದಿಪಟ್ಟಣಂವರೆಗೆ ಹೋಗಿ ಸುಮ್ಮನೆ ವಾಪಸು ಬರುತ್ತಿದ್ದ.

ಗುರುವಾರ ಪಿಂಕಿಯೇ ಫೋನು ಮಾಡಿದಳು.

"ಆ ಸೆಂಟರ್ ಎಷ್ಟು ಗಂಟೆತನಕ ಇರತೈತ್ರಿ?"

"ಮಧ್ಯಾಹ್ನ ಎರಡರತನಕ. ಯಾಕ?"

"ಪೂರಾ ವಿಡಿಯೋ ಹುಡುಕಿ ನೋಡಿದೆ. ನಾಳೆ ಅತ್ತಿಗಿ ಕೂಡ ಬರ್ತೀನಿ. ಮಾಮಾಗ ಹೇಳಿಲ್ಲ."

ಮರುದಿನ ಪಿಂಕಿ ಒಳಗೆ ಹೋದಳು. ಸ್ನೇಹಲತಾ ಬಾಗಿಲು ಮುಂದೆ ಮಾಡಿದರು. ಹೊರಗೆ ವೈಭವ ಕೂತಲ್ಲಿ ಕೂರಲಾರದೆ ಅಡ್ಡಾಡುತ್ತಿದ್ದ. ಬೆಂಚಿನ ಮೇಲಿದ್ದ ಪಿಂಕಿಯ ಅತ್ತಿಗೆ, ಮದುವೆಯಾಗಿ ಆರು ವರ್ಷವಾದವಳು, ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ನಂದೂ ಮಾಡ್ತಾರೇನ್ರಿ?"

"ಮಾಡ್ತಾರ್ರಿ. ಹೆಸರು ಗುಟ್ಟಾಗಿ ಇಡ್ತಾರ."

ಅವಳು ಎದ್ದು ಸಾಲಿನಲ್ಲಿ ನಿಂತಳು.

ಪಿಂಕಿಗೂ ಏನೂ ಇರಲಿಲ್ಲ; ಅವಳೇ ಬಂದು ಹೇಳಿದಳು. ಅತ್ತಿಗೆ ತನ್ನದನ್ನು ಹೇಳಲಿಲ್ಲ, ಇವರು ಕೇಳಲಿಲ್ಲ. ಇಬ್ಬರ ಪರೀಕ್ಷೆಯೂ ಆಯಿತೆಂದು ಪಿಂಕಿಯೇ ಮನೆಯಲ್ಲಿ ಹೇಳಿ ಒಪ್ಪಿಸಿದಳು. ಲಗ್ನ ಬೇಸಿಗೆಯಲ್ಲಿ ಆಯಿತು. ಕಾಶಿನಾಥರು ಬಂದು ಅಕ್ಕಿಕಾಳು ಹಾಕಿದರು, ಉಂಡರು, ವೈಭವನ ಜೊತೆ ಮಾತ್ರ ಮಾತಾಡಲಿಲ್ಲ.