ಸೋಲಿಗೆ ಹಾಕಿಸಿಕೊಂಡ ಹಾರ

ಹೋದ ವಾರ ಚಿತ್ತಾಪುರದ ನನ್ನ ಔಷಧಿ ಅಂಗಡಿಯಲ್ಲಿ ನೋವಿನ ಸ್ಪ್ರೇ ಡಬ್ಬಿಯೊಂದು ಸೋರಿ, ಮೂಗು ಕೊರೆಯುವ ಆ ತಣ್ಣನೆಯ ವಾಸನೆ ಅಂಗಡಿಯನ್ನೆಲ್ಲ ತುಂಬಿಕೊಂಡಿತು. ಫ್ಯಾನ್ ಜೋರು ಮಾಡಿದರೂ ಸಂಜೆಯವರೆಗೆ ಹೋಗಲಿಲ್ಲ. ಗಿರಾಕಿಗಳು ಮೂಗು ಮುಚ್ಚಿಕೊಂಡರು. ನನಗೆ ಶಹಾಬಾದಿನ ನಮ್ಮ ಓಣಿಯ ಚಾಂಪಿಯನ್ ನೆನಪಾದ. ಏನೂ ಆಗದ ಮೊಣಕಾಲಿಗೆ ವರ್ಷಗಟ್ಟಲೆ ಇದೇ ಸ್ಪ್ರೇ ಹೊಡೆದುಕೊಂಡು ಬದುಕಿದ ಮನುಷ್ಯ...

ಅವನು ನಮ್ಮ ಎದುರು ಮನೆಯವನು, ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಇಬ್ಬರೂ ಒಟ್ಟಿಗೇ ತಾಲೀಮಿಗೆ, ಅಂದರೆ ಊರ ಗರಡಿಗೆ, ಸೇರಿದ್ದೆವು. ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದಿ ಹಗಲೆಲ್ಲ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿದು, ಸಂಜೆ ಮೈಮೇಲಿನ ಬಿಳಿ ಪುಡಿ ತೊಳೆದುಕೊಂಡು ಬರುತ್ತಿದ್ದರು. ಒಂದು ಸಲ ಅವನು ಹೈದರಾಬಾದಿನಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡಿ ಬಂದ. ಜಾಳಿಗೆ ಕಟ್ಟಿದ ಪಂಜರದೊಳಗೆ ಕುಸ್ತಿ, ಗುದ್ದು, ಒದೆತ ಎಲ್ಲ ನಡೆಯುವ ಕಾಳಗ. ತನಗೆ ಅದೇ ಬೇಕೆಂದು ಹಟ ಹಿಡಿದ. ಬೇರೆ ವಸ್ತಾದಿ ಆಗಿದ್ದರೆ ಬೈದು ಹೊರಗೆ ಹಾಕುತ್ತಿದ್ದರು. ನಮ್ಮ ವಸ್ತಾದಿ ಮೊಬೈಲಿನಲ್ಲಿ ಪಟ್ಟುಗಳನ್ನು ನೋಡಿ, ಮೊದಲು ತಮ್ಮ ವಯಸ್ಸಾದ ಮೈಯಲ್ಲಿ ಅವನ್ನು ಕಲಿತು, ಆಮೇಲೆ ನಮಗೆ ಕಲಿಸಿದರು.

ನಾನು ಅವನ ಜೋಡಿ. ಜೋಡಿ ಎಂದರೆ ಅವನ ಕೈಯಿಂದ ದಿನಾ ಹೊಡೆತ ತಿನ್ನುವವನು. ನನ್ನದು ನಿಧಾನದ ಮೈ. ಒದೆತ ಬರುವುದು ಕಣ್ಣಿಗೆ ಕಂಡು, ಕೈ ಏಳುವ ಹೊತ್ತಿಗೆ ಪಕ್ಕೆಗೆ ಬಿದ್ದಿರುತ್ತಿತ್ತು. ಅವನಿಗೆ ಎಲ್ಲವೂ ಹುಟ್ಟಿನಿಂದಲೇ ಬಂದಿತ್ತು. ಎದುರಾಳಿ ಉಸಿರು ಎಳೆದುಕೊಳ್ಳುವ ಕ್ಷಣ ಅವನಿಗೆ ಹೇಗೋ ತಿಳಿಯುತ್ತಿತ್ತು. ಆ ಕ್ಷಣಕ್ಕೇ ನುಗ್ಗುತ್ತಿದ್ದ. ಹೈದರಾಬಾದಿನ ಮೊದಲ ಕಾಳಗದಲ್ಲಿ ತನಗಿಂತ ಗೇಣುದ್ದ ಎತ್ತರದವನನ್ನು ಸೊಂಟ ಹಿಡಿದು ಎತ್ತಿ, ಮಗುವನ್ನು ಮಲಗಿಸುವ ಹಾಗೆ ನೆಲಕ್ಕೆ ಇಳಿಸಿ ಗೆದ್ದ. ವಸ್ತಾದಿ ಚಪ್ಪಾಳೆ ತಟ್ಟಲಿಲ್ಲ. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅವನು ಗೆಲ್ಲುತ್ತಲೇ ಹೋದ. ಮುಂಬೈಗೆ ಕರೆಸುವ ಮಾತು ನಡೆದಿತ್ತು.

ಸೋತದ್ದು ಒಂದೇ ಸಲ. ಈಶಾನ್ಯದ ಕಡೆಯ ಒಬ್ಬ ಸಣ್ಣ ಆಳು, ಮುಖದಲ್ಲಿ ಸಿಟ್ಟಿಲ್ಲ, ಮಾತಿಲ್ಲ, ಇವನ ಬೆನ್ನೇರಿ ಕುತ್ತಿಗೆಗೆ ಕೈ ಹಾಕಿದ. ನಾನು ನೀರಿನ ಬಾಟಲಿ ಹಿಡಿದು ಜಾಳಿಗೆಗೆ ಅಂಟಿಕೊಂಡೇ ನಿಂತಿದ್ದೆ. ಆ ಕೈ ಇನ್ನೂ ಬಿಗಿಯಾಗಿರಲಿಲ್ಲ. ಬಿಡಿಸಿಕೊಳ್ಳುವ ದಾರಿ ಇತ್ತು. ವಸ್ತಾದಿ ಅದನ್ನೇ ಕೂಗಿ ಹೇಳುತ್ತಿದ್ದರು. ನಮ್ಮವನು ನೆಲ ತಟ್ಟಿ ಸೋಲು ಒಪ್ಪಿಕೊಂಡುಬಿಟ್ಟ. ಅವನ ಕಣ್ಣಿನಲ್ಲಿ ನೋವಿರಲಿಲ್ಲ. ತನ್ನನ್ನೂ ಒಬ್ಬ ಹಿಡಿಯಬಲ್ಲ ಎಂಬ ಗಾಬರಿ ಇತ್ತು, ಅಷ್ಟೇ. ಊರಿಗೆ ವಾಪಸು ಬರುತ್ತ ವಾಡಿಯಲ್ಲಿ ರೈಲು ಇಳಿದೆವು. ಅವನು ಸ್ಟೇಷನ್ನಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದು ನಮ್ಮನ್ನು ಬಿಟ್ಟು ಮುಂದೆ ನಡೆದ. ಆ ಮೊಣಕಾಲನ್ನು ನಾನು ನೋಡಿದ್ದೇನೆ.

ತಿಂಗಳು ಕಳೆಯುವುದರೊಳಗೆ ನಿವೃತ್ತಿ ಸಮಾರಂಭ. ಮೀಸೆ ಸರಿಯಾಗಿ ಬಲಿಯದವನಿಗೆ ನಿವೃತ್ತಿ! ಊರ ತುಂಬ ಬ್ಯಾನರು, ಅದರಲ್ಲಿ ಅವನ ಬರಿಮೈಯ ಪಕ್ಕ ಒಬ್ಬ ಮುಖಂಡರ ನಗುಮುಖ. ಆಳೆತ್ತರದ ಹಾರ. ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತ ವೇದಿಕೆ ಹತ್ತಿದ. ಬಂದ ಕೂಡಲೆ ಸ್ಪ್ರೇ ವಾಸನೆ ಮುಂದಿನ ಸಾಲಿಗೂ ಬಂತು. ಸೋಲಿನ ಸುದ್ದಿ ಎತ್ತಲಿಲ್ಲ. ಮೈಕು ಹಿಡಿದು, "ಹಳೀ ಪದ್ಧತಿ ತಾಲೀಮು ಮಾಡಿ ಮಾಡಿ ನನ್ನ ಮೊಣಕಾಲ ಹೋಯ್ತುರಿ. ಇಲ್ಲಂದ್ರ ನಾ ಎಲ್ಲೋ ಇರ್ತಿದ್ದೆ" ಎಂದ.

ವಸ್ತಾದಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಜನ ಅವರ ಕಡೆ ತಿರುಗಿ ನೋಡಿದರು. ಅವರು ಮೆಲ್ಲಗೆ ಎದ್ದು ವೇದಿಕೆ ಹತ್ತಿ, ಅಷ್ಟು ಜನರ ಎದುರು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಟ್ಟಿ ಸರಿಸಿ ಮೊಣಕಾಲನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು.

"ಇದಕ್ಕ ಏನೂ ಆಗಿಲ್ಲಪಾ. ಅಂಜಿಕಿ ಆಗ್ಯಾದ. ಎಲ್ಲಾರಿಗೂ ಆಗ್ತದ. ನಾಳಿ ಸಂಜಿಕೆ ಬಾ, ಇಬ್ರೂ ಕೂಡಿ ತೆಗೀಮು" ಎಂದರು.

ಮೈಕು ಪಕ್ಕದಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ಅವನು ಒಂದು ಕ್ಷಣ ಗೋಣು ಬಗ್ಗಿಸಿದ. ಹೂಂ ಅನ್ನುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಮುಖಂಡರು ಜೋರಾಗಿ ನಕ್ಕು, "ಮುದುಕಗ ಯಾರರೆ ಕೆಳಗ ಇಳಸ್ರಿ" ಎಂದರು. ಅವನೂ ನಕ್ಕ. ವಸ್ತಾದಿಯ ತೋಳು ಹಿಡಿದು ಕೆಳಗೆ ಇಳಿಸಿದವನು ನಾನೇ.

ಮರುದಿನದಿಂದ ತಾಯಂದಿರು ತಾಲೀಮಿಗೆ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಮೊಣಕಾಲು ಮುರಿಯುವ ವಸ್ತಾದಿ ಎಂದು ಹೆಸರಾಯಿತು. ಮಣ್ಣು ಹದ ಮಾಡಿಕೊಂಡು ಅವರು ಖಾಲಿ ತಾಲೀಮಿನಲ್ಲಿ ಕೂತಿರುತ್ತಿದ್ದರು. ಕಡೆಗೆ ಆ ಜಾಗ ಸಿಮೆಂಟಿನ ಗೋದಾಮಾಯಿತು. ನಾನು ಒಮ್ಮೆ ಅವನನ್ನು ಬಾಯಿಗೆ ಬಂದಂತೆ ಬೈದಾಗ, ವಸ್ತಾದಿ ಕೈ ಅಡ್ಡ ತಂದರು.

"ನೀ ದಿನಾ ಹೊಡತ ತಿಂದಿ, ನಿನಗ ಅಂಜಿಕಿ ಹೋಯ್ತು. ಅಂವಗ ಯಾರೂ ಹೊಡೀಲೇ ಇಲ್ಲ. ನಾನರೆ ಹೊಡೀಬೇಕಿತ್ತು" ಎಂದರು. ಎರಡು ಮಳೆಗಾಲ ಕಳೆದ ಮೇಲೆ ಕಲ್ಲಿನ ಧೂಳು ತುಂಬಿದ ಎದೆಯ ಬೇನೆಯಿಂದ ಅವರು ತೀರಿಹೋದರು. ಚಾಂಪಿಯನ್ ಮಣ್ಣು ಕೊಡಲೂ ಬರಲಿಲ್ಲ. ಸೇಡಂನಲ್ಲಿ ಯಾವುದೋ ಜಿಮ್ಮಿನ ರಿಬ್ಬನ್ ಕತ್ತರಿಸಲು ಹೋಗಿದ್ದನಂತೆ.

ಅವನ ಕೆಲಸವೇ ಅದಾಗಿತ್ತು. ರಿಬ್ಬನ್ ಕತ್ತರಿಸುವುದು, ಮುಖಂಡರ ಗಾಡಿಯ ಬಾಗಿಲು ತೆಗೆಯುವುದು, ಚಿಂಚೋಳಿಯಿಂದ ವಾಡಿಯವರೆಗೆ ಎಲ್ಲರ ಮದುವೆಯಲ್ಲೂ ಎದೆ ಉಬ್ಬಿಸಿ ಫೋಟೋ ತೆಗೆಸಿಕೊಳ್ಳುವುದು. ಒಂದು ಮದುವೆಯಲ್ಲಿ ಹುಡುಗರ ಗುಂಪಿಗೆ, "ಮ್ಯಾಲ ಇದ್ದಾಗೇ ಬಿಡಬೇಕು ನೋಡ್ರಿ" ಎಂದು ಬುದ್ಧಿ ಹೇಳುತ್ತಿದ್ದ. ಬಾಯಲ್ಲಿ ಜಿಲೇಬಿ ಇತ್ತು. ನಾನು ಕೈ ತೊಳೆದುಕೊಂಡು ಎದ್ದು ಬಂದೆ. ಸೋತವರನ್ನು ನಾನು ಬಹಳ ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ. ಸೋಲಿಗೆ ಹಾರ ಹಾಕಿಸಿಕೊಂಡವನನ್ನು ಇವನೊಬ್ಬನನ್ನೇ ನೋಡಿದ್ದು.

ಈ ದೀಪಾವಳಿಗೆ ಮುಂಚೆ ಅವನು ನನ್ನ ಅಂಗಡಿಗೆ ಬಂದ. ಬಿಪಿ ಮಾತ್ರೆ ಬೇಕಿತ್ತು. ಹೊಟ್ಟೆ ಬಂದಿತ್ತು, ತಲೆಗೆ ಬಣ್ಣ. ಕುಂಟುವುದನ್ನು ಮರೆತೇ ಬಿಟ್ಟಿದ್ದ. ಗಿರಾಕಿಗಳು ಯಾರೂ ಇರಲಿಲ್ಲ. ಏನು ತಿಳಿಯಿತೋ, "ಲೇ, ಒಂದು ಕೈ ಹಿಡಿ" ಎಂದ. ಹೊಡೆತಕ್ಕೆ ಒಡ್ಡು ಎಂದರ್ಥ. ಅವನ ಪೌರುಷ ಎಷ್ಟು ಸವೆದಿದೆ, ಅದೂ ನೋಡೋಣ ಎಂದು ಕೌಂಟರಿನ ಮೇಲಿಂದ ಅಂಗೈ ಒಡ್ಡಿದೆ.

ಗುದ್ದು ಬಂದದ್ದು ನನಗೆ ಕಾಣಲಿಲ್ಲ. ಅಂಗೈ ಹಿಂದಕ್ಕೆ ಹಾರಿ ಭುಜದವರೆಗೂ ಝುಂ ಎಂದಿತು. ನಾನು ಉಸಿರು ಎಳೆದುಕೊಳ್ಳುವ ಕ್ಷಣಕ್ಕೇ ಹೊಡೆದಿದ್ದ. ಎಷ್ಟು ವರ್ಷ ಕೊಳೆ ಹಾಕಿದ್ದರೂ ಆ ಕೈ ಕೊಳೆತಿರಲಿಲ್ಲ... ಅವನೂ ತನ್ನ ಮುಷ್ಟಿಯನ್ನೇ ನೋಡುತ್ತ ನಿಂತ. ಮುಖ ಒಂದು ಥರ ಆಯಿತು.

"ಇನ್ನೂ ಅದ ಅಲ್ಲ?" ಎಂದ, ಸಣ್ಣ ದನಿಯಲ್ಲಿ.

"ಅದ" ಎಂದೆ. ಸುಳ್ಳು ಹೇಳಲು ಬರಲಿಲ್ಲ.

ಹೊರಗೆ ಮುಖಂಡರ ಗಾಡಿ ಹಾರ್ನ್ ಹೊಡೆಯಿತು. ಅವನು ಮಾತ್ರೆ ಜೇಬಿಗೆ ಹಾಕಿಕೊಂಡು ಓಡಿಹೋಗಿ ಬಾಗಿಲು ತೆಗೆದ.

ಅವನ ಮೇಲಿನ ಅಸಹ್ಯ ಇವತ್ತಿಗೂ ಹಾಗೇ ಇದೆ, ಅದನ್ನು ಬಿಡುವ ಮನಸ್ಸೂ ನನಗಿಲ್ಲ. ಆದರೆ ಅವತ್ತು ಸಂಜೆಯವರೆಗೂ ನನ್ನ ಅಂಗೈ ಉರಿಯುತ್ತಿತ್ತು. ಆ ಉರಿ ಏನೆಂದು ತಿಳಿಯುತ್ತಿದ್ದವರು ವಸ್ತಾದಿ ಒಬ್ಬರೇ. ತೋರಿಸೋಣವೆಂದರೆ ಅವರಿರಲಿಲ್ಲ.